ರಿಯಾಯಿತಿ ಬೆಲೆಗೆ ಮಾತ್ರ, ಹಕ್ಕಿಗಲ್ಲ



ಹಳೆಯ ದಾಸ್ತಾನಿನ ರಿಯಾಯಿತಿ ಮಾರಾಟದಲ್ಲಿ ಕೊಂಡ ಟಿ.ವಿ. ವಾರದೊಳಗೆ ಕೆಟ್ಟರೂ, ‘ಮಾರಿದ ಸರಕನ್ನು ಹಿಂಪಡೆಯುವುದಿಲ್ಲ’ ಎಂಬ ಫಲಕ ಕಂಡು ಗ್ರಾಮಸ್ಥರು ಮೌನವಾಗಿ ಮರಳುತ್ತಾರೆ. ಕೂಲಿಯ ಉಳಿತಾಯ ಅಲ್ಲಿಗೇ ಮುಳುಗುತ್ತದೆ.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ನೀಡದಿರುವುದೂ ಅಂತೆಯೇ. ಮಾರುವಾಗಲೇ ತಿಳಿಸಿ ಒಪ್ಪಿಸಿದ ದೋಷದ ಮಾತು ಬೇರೆ.

ಮೊದಲು ಅಂಗಡಿಗೆ ಲಿಖಿತ ದೂರು, ಬಳಿಕ 1915 ಸಹಾಯವಾಣಿ; ಪರಿಹಾರ ದೊರೆಯದಿದ್ದರೆ 2 ವರ್ಷಗಳೊಳಗೆ ಗ್ರಾಹಕರು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗ. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಬಿಲ್ಲನ್ನು ಜೋಪಾನವಾಗಿಡುವಂತೆ ಮುಂದಿನ ಗ್ರಾಮಸಭೆಯಲ್ಲಿಯೇ ತಿಳಿಸುವುದು ಸದಸ್ಯರ ಕೈಯಲ್ಲಿದೆ.