ಬಾಡಿಗೆಗೆ ಸಿಗುವ ವಿಳಾಸ



ಬೆಂಗಳೂರಿನ ರಾಮಮೂರ್ತಿ ನಗರದಲ್ಲಿ ಬಾಡಿಗೆ ಮನೆ ಹಿಡಿದು, ವಿಡಿಯೊ ಎಡಿಟಿಂಗ್ ಮಾಡುತ್ತಾ ಊರೂರು ತಿರುಗುವ ಒಬ್ಬ ಹುಡುಗಿ ಇದ್ದಾಳೆ ಎಂದಿಟ್ಟುಕೊಳ್ಳಿ. ತಿಂಗಳ ಸಂಬಳದವಳಲ್ಲ, ಫ್ರೀಲ್ಯಾನ್ಸರ್. ಈ ವಾರ ಹುಬ್ಬಳ್ಳಿ, ಮುಂದಿನ ವಾರ ಚೆನ್ನೈ. ತಿರುಗಾಟದವರಿಗೆ ಇದು ಅನುಕೂಲದ ಬಡಾವಣೆ. ಕೆ.ಆರ್. ಪುರದ ರೈಲು ನಿಲ್ದಾಣ ಹತ್ತಿರ, ಹೊರವರ್ತುಲ ರಸ್ತೆ ಹಿಡಿದರೆ ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣ. 2023ರ ಅಕ್ಟೋಬರ್‌ನಿಂದ ಬೆನ್ನಿಗಾನಹಳ್ಳಿಗೆ ಮೆಟ್ರೊ ಕೂಡ ಬಂದಿದೆ.

ತೊಡಕು ಎದುರಾಗುವುದು ಜಿಎಸ್‌ಟಿ ಅರ್ಜಿ ತುಂಬುವಾಗ. ವ್ಯವಹಾರದ ಮುಖ್ಯ ಸ್ಥಳ ಯಾವುದು ಎಂದು ಅಲ್ಲಿ ಕೇಳುತ್ತಾರೆ. ಮನೆಯ ವಿಳಾಸವನ್ನೇ ಕೊಡಬಹುದು, ಕಾನೂನಿನ ಅಡ್ಡಿಯಿಲ್ಲ. ಆದರೆ ಬಾಡಿಗೆ ಕರಾರಿನ ಜೊತೆಗೆ ಮಾಲೀಕರ ಕಂದಾಯ ರಸೀತಿಯನ್ನೋ ಕರೆಂಟ್ ಬಿಲ್ಲನ್ನೋ ಲಗತ್ತಿಸಬೇಕು. ಓನರ್ ಆಂಟಿ ಒಪ್ಪುವುದಿಲ್ಲ. "ಬೇಡಮ್ಮ, ಆಮೇಲೆ ಮನೆಗೆ ಕಮರ್ಷಿಯಲ್ ಟ್ಯಾಕ್ಸ್ ಹಾಕ್ಬಿಡ್ತಾರೆ" ಅನ್ನುತ್ತಾರೆ. ಆ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಆಸ್ತಿ ತೆರಿಗೆಯಲ್ಲೂ ವಿದ್ಯುತ್ತಿನಲ್ಲೂ ವಾಸಕ್ಕೆ ಒಂದು ದರ, ವ್ಯಾಪಾರಕ್ಕೆ ಇನ್ನೊಂದು ದರ ಇರುವುದು ನಿಜ. ಇಂಥ ಬಾಡಿಗೆದಾರರು ಕೊನೆಗೆ ಹುಡುಕಿಕೊಂಡು ಹೋಗುವುದು ವರ್ಚುವಲ್ ಆಫೀಸನ್ನು.

ಏನಿದು? ಕೂರಲು ಕುರ್ಚಿ ಬೇಡ, ವಿಳಾಸ ಮಾತ್ರ ಸಾಕು ಎನ್ನುವವರಿಗೆ ಅದನ್ನಷ್ಟೇ ಬಾಡಿಗೆಗೆ ಕೊಡುವ ಏರ್ಪಾಡು. ಜೊತೆಗೆ ಬಂದ ಟಪಾಲು ತೆಗೆದುಕೊಂಡು, ಫೋಟೊ ಹೊಡೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಬೇಕೆಂದರೆ ನೀವಿರುವ ಊರಿಗೇ ಕೊರಿಯರ್ ಮಾಡುತ್ತಾರೆ. ಗಿರಾಕಿಗಳನ್ನು ಕಾಣಲು ಗಂಟೆ ಲೆಕ್ಕದಲ್ಲಿ ಕೋಣೆಯೂ ಸಿಗುತ್ತದೆ. ಅಲೆಯುವವರಿಗೆ ವಿಳಾಸ ಒದಗಿಸುವ ಕೆಲಸವನ್ನು ನಮ್ಮ ಅಂಚೆ ಇಲಾಖೆ ಬಹು ಹಿಂದೆಯೇ ಮಾಡಿತ್ತು. ಕಾಗದದ ಮೇಲೆ 'ಪೋಸ್ಟ್ ರೆಸ್ಟಾಂಟ್' ಎಂದು ಬರೆದು ಊರಿನ ಹೆಸರು ಹಾಕಿದರೆ, ನೀವು ಬಂದು ಕೇಳಲಿ ಎಂದು ಕೆಲವು ದಿನ ಅಂಚೆ ಕಚೇರಿಯಲ್ಲೇ ಇಟ್ಟುಕೊಂಡಿರುತ್ತಿದ್ದರು. ಸಜ್ಜಾದ ಕಚೇರಿಯನ್ನು ಬಾಡಿಗೆಗೆ ಕೊಡುವ ರೀಜಸ್ ಕಂಪನಿ 1989ರಲ್ಲಿ ಬ್ರಸೆಲ್ಸ್ ನಗರದಲ್ಲಿ ಶುರುವಾಯಿತು. ಇಂದಿನ ವ್ಯಾಪಾರ ಅದೇ ದಾರಿಯಲ್ಲಿ ಬೆಳೆದದ್ದು.

ಹೀಗೆ ಬಾಡಿಗೆಗೆ ಪಡೆದ ವಿಳಾಸ ಕಾನೂನಿಗೆ ಒಪ್ಪುತ್ತದೆಯೇ? ಹಂಚಿಕೊಂಡು ಬಳಸುವ ಒಂದೇ ಕೋ-ವರ್ಕಿಂಗ್ ಕಚೇರಿಯಲ್ಲಿರುವ ಹಲವರು ಬೇರೆ ಬೇರೆ ಜಿಎಸ್‌ಟಿ ನೋಂದಣಿ ಪಡೆಯಬಹುದೆಂದು 2018ರಲ್ಲಿ ತೆರಿಗೆಯ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಡುವ ಕೇರಳದ ಮುಂಗಡ ನಿರ್ಣಯ ಪ್ರಾಧಿಕಾರ ಹೇಳಿತು. ಆದರೆ ಅಂಥ ನಿರ್ಣಯ ಕೇಳಿದವರಿಗೆ ಮತ್ತು ಅವರ ಅಧಿಕಾರಿಗೆ ಮಾತ್ರ ಅನ್ವಯ. ಇನ್ನೊಂದು ಕಡೆ, ಸುಳ್ಳು ವಿಳಾಸ ಕೊಟ್ಟು ನೋಂದಣಿ ಪಡೆದವರನ್ನು ಹಿಡಿಯಲು 2023ರ ಮೇ 16ರಿಂದ ಎರಡು ತಿಂಗಳು, 2024ರ ಆಗಸ್ಟ್ 16ರಿಂದ ಮತ್ತೆರಡು ತಿಂಗಳು ದೇಶದಾದ್ಯಂತ ತಪಾಸಣೆ ನಡೆಯಿತು. ಹತ್ತಾರು ಹೆಸರುಗಳು ನೇತಾಡುವ ವಿಳಾಸ ಕಂಡರೆ ಅಧಿಕಾರಿಗಳು ಇನ್ನೊಮ್ಮೆ ನೋಡುವುದು ಸಹಜವೇ.

ಅಧಿಕಾರಿ ಸ್ಥಳಕ್ಕೆ ಬಂದು, ಫೋಟೊ ತೆಗೆದು, ವರದಿಯನ್ನು ಪೋರ್ಟಲ್‌ಗೆ ಹಾಕಬಹುದು. ಬಾಗಿಲಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆಯಿರುವ ಬೋರ್ಡು, ಒಳಗೆ ಕಣ್ಣಿಗೆ ಬೀಳುವಂತೆ ನೋಂದಣಿ ಪತ್ರ ಇರಬೇಕು. ಲೆಕ್ಕಪತ್ರವೂ ಅಲ್ಲಿ ಸಿಗಬೇಕು, ಕಂಪ್ಯೂಟರಿನಲ್ಲಿದ್ದರೂ ನಡೆಯುತ್ತದೆ. ಹೇಳಿದ ಜಾಗದಲ್ಲಿ ವ್ಯವಹಾರವೇ ಇಲ್ಲವೆಂದಾದರೆ ನೋಂದಣಿ ರದ್ದು ಮಾಡಲು ಜಿಎಸ್‌ಟಿಯ 21ನೇ ನಿಯಮದಲ್ಲಿ ಅವಕಾಶವಿದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡವರಿಗೆ ಇನ್ನೂ ಬಿಗಿ. ಕಂಪನಿಯ ಹೆಸರು, ವಿಳಾಸ ಹೊರಗೆ ಎದ್ದು ಕಾಣಬೇಕು, ಸ್ಥಳೀಯ ಭಾಷೆಯ ಲಿಪಿಯಲ್ಲೂ ಇರಬೇಕು ಎಂದು 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಬೆಂಗಳೂರಿನಲ್ಲಿ ಅದು ಕನ್ನಡ. ಎಷ್ಟೋ ಕಡೆ ಈ ಒಂದು ಸಾಲನ್ನು ಮರೆತಿರುತ್ತಾರೆ, ಅದು ನನಗೆ ಬೇಸರದ ಸಂಗತಿ.

ಇಷ್ಟಾದರೂ ನನ್ನ ಚಿಂತೆ ಬೋರ್ಡಿನದಲ್ಲ, ಟಪಾಲಿನದು. ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಇಂಥದೊಂದು ಆಫೀಸು. ಗೋಡೆ ತುಂಬ ಹೆಸರಿನ ಪಟ್ಟಿಗಳು, ಮೇಜಿನ ಹಿಂದೆ ಕಾಗದ ಇಡುವ ಗೂಡುಗಳು. ಸ್ಪೀಡ್ ಪೋಸ್ಟ್ ಹಿಡಿದು ಅಂಚೆಯವರು ಮೆಟ್ಟಿಲು ಹತ್ತಿ ಬರುತ್ತಾರೆ. ಮೇಜಿನ ಮುಂದೆ ಕೂತವರು ಕೆಲಸಕ್ಕೆ ಸೇರಿ ಎರಡು ದಿನವಾಗಿದೆ. ಲಕೋಟೆಯ ಮೇಲಿನ ಹೆಸರು ನೋಡಿ "ಇಲ್ಲ ಸಾರ್, ಈ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದುಬಿಡುತ್ತಾರೆ. ಅಂಚೆಯವರು ಲಕೋಟೆಯ ಮೇಲೆ ಷರಾ ಬರೆದು ವಾಪಸ್ ಒಯ್ಯುತ್ತಾರೆ. ಹುಬ್ಬಳ್ಳಿಯಲ್ಲಿರುವ ನಮ್ಮ ಹುಡುಗಿಗೆ ಇದಾವುದೂ ತಿಳಿಯುವುದಿಲ್ಲ.

ಆ ಲಕೋಟೆಯಲ್ಲಿ ಬ್ಯಾಂಕಿನ ಚೆಕ್ ಪುಸ್ತಕವಿದ್ದರೆ ಮತ್ತೆ ತರಿಸಿಕೊಳ್ಳಬಹುದು. ವಕೀಲರ ನೋಟಿಸು ಇದ್ದರೆ ಹಾಗಲ್ಲ. ಸರಿಯಾದ ವಿಳಾಸ ಬರೆದು, ಅಂಚೆವೆಚ್ಚ ಕಟ್ಟಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದು ಮುಟ್ಟಿದೆಯೆಂದೇ ಕಾನೂನು ತಿಳಿಯುತ್ತದೆ. ಮುಟ್ಟಿಲ್ಲವೆನ್ನುವವರು ಅದನ್ನು ಸಾಬೀತು ಮಾಡಬೇಕು. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಸೆಕ್ಷನ್ ಇದು. ಹಾಗಾಗಿ ನೀವು ಕೊಡುವ ಬಾಡಿಗೆ ಗೋಡೆಗಲ್ಲ, ಆ ಮೇಜಿನ ಮುಂದೆ ಕೂತು ನಿಮ್ಮ ಹೆಸರು ಗುರುತಿಸಿ ಸಹಿ ಹಾಕುವ ವ್ಯಕ್ತಿಗೆ. ಹಣ ಕಟ್ಟುವ ಮುಂಚೆ ಅವರೊಡನೆ ಎರಡು ಮಾತಾಡಿ. ಸೇರಿದ ವಾರವೇ ನಿಮ್ಮ ಹೆಸರಿಗೆ ನೀವೇ ಒಂದು ಸ್ಪೀಡ್ ಪೋಸ್ಟ್ ಕಳಿಸಿ, ಫೋಟೊ ಎಷ್ಟು ಹೊತ್ತಿಗೆ ಬರುತ್ತದೆ ನೋಡಿ.

ಇನ್ನೊಂದು ಮಾತು. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯದ ಗಿರಾಕಿಗಳಿದ್ದರೂ 2017ರ ಅಕ್ಟೋಬರ್‌ನಿಂದ ಇದೇ ಮಿತಿ. ಯಾರೋ ಹೇಳಿದರೆಂದು ನೋಂದಣಿ ಮಾಡಿಸಿ, ಅದಕ್ಕಾಗಿ ವಿಳಾಸ ಹಿಡಿದು, ರಿಟರ್ನ್ಸ್ ತುಂಬುತ್ತಾ ಸುಸ್ತಾಗುವ ಹುಡುಗರು ಬಹಳ. ಮೊದಲು ಆಡಿಟರನ್ನು ಕೇಳಿ.

ಈ ಆಫೀಸುಗಳ ಕರಾರು ಹೆಚ್ಚಾಗಿ 11 ತಿಂಗಳಿನದು. ಅವಧಿ ಮುಗಿಯುವ ದಿನವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಜಾಗ ಬಿಟ್ಟರೆ ಹೊಸ ವಿಳಾಸವನ್ನು 15 ದಿನದೊಳಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ತಿಳಿಸಬೇಕು. ಬ್ಯಾಂಕಿಗೂ ಗಿರಾಕಿಗಳಿಗೂ ಅದೇ ವಾರ ಬರೆಯಿರಿ. ಹಳೆಯ ಆಫೀಸಿನವರಿಗೆ ಸ್ವಲ್ಪ ಹಣ ಕೊಟ್ಟಾದರೂ ಇನ್ನೆರಡು ಮೂರು ತಿಂಗಳು ನಿಮ್ಮ ಹೆಸರಿಗೆ ಬಂದ ಕಾಗದ ತೆಗೆದಿಡಲು ಹೇಳಿ, ಆ ಮಾತನ್ನು ಕರಾರಿನಲ್ಲೇ ಬರೆಸಿಕೊಳ್ಳಿ.