ವರದ ಜತೆಗೊಂದು ಶಾಪ: ಸೂಪರ್‌ಹೀರೋ ಆಟ ಕಟ್ಟುವ ಬಗೆ

(ಹಂಪನಕಟ್ಟೆಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಇದೇ ಹಂಪನಕಟ್ಟೆಯಲ್ಲಿ ಆಷಾಢದ ಒಂದು ಸಂಜೆ. ಧಾರಾಕಾರ ಮಳೆ. ಸಿಟಿ ಬಸ್ಸೊಂದರ ಬ್ರೇಕ್ ಕೈಕೊಟ್ಟಿದೆ. ಅದೇ ಹೊತ್ತಿಗೆ ಕ್ಲಾಕ್ ಟವರಿನ ತುದಿಯಲ್ಲಿ ಒಬ್ಬ ಹುಡುಗ ಜೋತುಬಿದ್ದಿದ್ದಾನೆ. ಹಾರಬಲ್ಲ ವೀರನೊಬ್ಬ ಮೊದಲು ಎತ್ತ ಹೋಗಬೇಕು?

ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಕಾಗದ, ಪೆನ್ಸಿಲು, ದಾಳ ಇಟ್ಟುಕೊಂಡು ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ‘ರೋಲ್ ಪ್ಲೇಯಿಂಗ್’ ಆಟ. ಸನ್ನಿವೇಶವನ್ನು ಹೇಳುವವನು ಗೇಮ್ ಮಾಸ್ಟರ್. ಉಳಿದವರು ತಂತಮ್ಮ ಪಾತ್ರವಾಗಿ ಮಾತಾಡುತ್ತಾರೆ. ಕೈಹಾಕಿದ ಕೆಲಸ ಫಲಿಸಿತೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳ ಉರುಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇದಕ್ಕೆ ನಾಂದಿ ಹಾಡಿತು. 1977ರ ‘ಸೂಪರ್‌ಹೀರೋ 2044’ ಅತಿಮಾನುಷ ವೀರರನ್ನು ಈ ಮೇಜಿಗೆ ಕರೆತಂದ ಮೊದಲ ಆಟಗಳಲ್ಲೊಂದು.

ಕರೆತಂದದ್ದೇ ತೊಡಕಾಯಿತು. ಮಾಟ ಮಂತ್ರದ ಆಟಗಳಲ್ಲಿ ಆಟಗಾರ ಸಣ್ಣವನಾಗಿ ಶುರುಮಾಡಿ ಬೆಳೆಯುತ್ತಾನೆ. ಸೂಪರ್‌ಹೀರೋ ಮೊದಲ ದಿನವೇ ಗುಡ್ಡ ಎತ್ತಬಲ್ಲ. ಅವನ ಪಕ್ಕದಲ್ಲಿ ಬರೇ ಬುದ್ಧಿ, ಧೈರ್ಯವನ್ನು ನಂಬಿದ ಮನುಷ್ಯ. ಇಬ್ಬರಿಗೂ ಒಂದೇ ಆಟದಲ್ಲಿ ಕೆಲಸ ಇರಬೇಕು. 1985ರ ‘ಡಿಸಿ ಹೀರೋಸ್’ ಇದಕ್ಕೊಂದು ಗಣಿತ ಹೂಡಿತು: ಅಂಕ ಒಂದು ಮೆಟ್ಟಿಲು ಏರಿದರೆ ಬಲ ಇಮ್ಮಡಿ, ಹತ್ತು ಮೆಟ್ಟಿಲು ಏರಿದರೆ 1,024 ಪಟ್ಟು. ಸಾವಿರ ಆನೆಯ ಬಲದ ಭೀಮಸೇನನನ್ನು ಒಂದು ಆನೆಗಿಂತ ಹತ್ತು ಮೆಟ್ಟಿಲು ಮೇಲೆ ನಿಲ್ಲಿಸಿದರೆ ಲೆಕ್ಕ ಮುಗಿಯಿತು.

ಆದರೆ ಬಲವನ್ನು ಅಳೆದ ಮಾತ್ರಕ್ಕೆ ಆಟ ರುಚಿಸದು. ಈ ಗುಟ್ಟನ್ನು ಹಿಡಿದದ್ದು 1981ರ ‘ಚಾಂಪಿಯನ್ಸ್’. ಜಾರ್ಜ್ ಮ್ಯಾಕ್‌ಡೊನಾಲ್ಡ್ ಮತ್ತು ಸ್ಟೀವ್ ಪೀಟರ್ಸನ್ ರಚಿಸಿದ ಈ ಆಟದಲ್ಲಿ ಶಕ್ತಿಗಳನ್ನು ಅಂಕ ಕೊಟ್ಟು ಕೊಳ್ಳಬೇಕು. ಕೈಯಲ್ಲಿರುವ ಅಂಕ ಸಾಲದಿದ್ದರೆ ದೌರ್ಬಲ್ಯಗಳನ್ನು ಹೊರಬೇಕು: ಬೆನ್ನಟ್ಟುವ ಹಗೆ, ಕಾಪಾಡಬೇಕಾದ ಬಂಧು, ಮೀರಲಾಗದ ಮಾತು. ವೀರನನ್ನು ನಿಜವಾಗಿ ಕಟ್ಟಿಹಾಕದ ದೌರ್ಬಲ್ಯಕ್ಕೆ ಅಂಕವಿಲ್ಲ.

ಕರ್ಣನ ಕತೆ ಗೊತ್ತಿರುವವರಿಗೆ ಇದರಲ್ಲಿ ಹೊಸತೇನಿದೆ? ಹುಟ್ಟಿನಿಂದ ಕವಚ ಕುಂಡಲ, ಪರಶುರಾಮರಿಂದ ಅಸ್ತ್ರವಿದ್ಯೆ. ಅದರ ಜತೆಗೆ ಬೇಕಾದ ಹೊತ್ತಿಗೆ ಮಂತ್ರ ಮರೆಯಲಿ ಎಂಬ ಗುರುಶಾಪ, ರಥದ ಚಕ್ರ ಹೂಳಲಿ ಎಂಬ ಬ್ರಾಹ್ಮಣನ ಶಾಪ, ಬೇಡಿದವರಿಗೆ ಇಲ್ಲವೆನ್ನಲಾರದ ದಾನಗುಣ, ಅರ್ಜುನನ ಹೊರತು ಉಳಿದ ಪಾಂಡವರನ್ನು ಕೊಲ್ಲುವುದಿಲ್ಲ ಎಂದು ಕುಂತಿಗೆ ಕೊಟ್ಟ ಭಾಷೆ. ಒಂದೊಂದು ವರವನ್ನೂ ಎಳೆದು ನಿಲ್ಲಿಸುವ ಹಗ್ಗ ಆ ಪಾತ್ರದಲ್ಲೇ ಇದೆ. ಚಾಂಪಿಯನ್ಸ್ ಆಟಗಾರ ಇಂಥ ಹಾಳೆ ತುಂಬಿಸಿ ತಂದರೆ ಗೇಮ್ ಮಾಸ್ಟರ್ ಬೆನ್ನು ತಟ್ಟಿಯಾನು.

ಇನ್ನೊಂದು ಸ್ವಾರಸ್ಯ. ಜೆಫ್ ಗ್ರಬ್ ರಚಿಸಿದ 1984ರ ‘ಮಾರ್ವೆಲ್ ಸೂಪರ್ ಹೀರೋಸ್’ ಆಟದಲ್ಲಿ ಗಳಿಸುವ ಪುಣ್ಯದ ಹೆಸರೇ ‘ಕರ್ಮ’! ಜನರನ್ನು ಕಾಪಾಡಿದರೆ ಕರ್ಮ ಕೂಡುತ್ತದೆ. ಇಕ್ಕಟ್ಟಿನಲ್ಲಿ ಅದನ್ನು ಖರ್ಚುಮಾಡಿ ದಾಳದ ಅಂಕ ಏರಿಸಿಕೊಳ್ಳಬಹುದು. ಕೊಲೆ ಮಾಡಿದ ವೀರನ ಗಂಟು ಮಾತ್ರ ಪೂರ್ತಿ ಬರಿದು. ನೀತಿಬೋಧೆಯ ಒಂದು ಪುಟವನ್ನೂ ಬರೆಯದೆ, ಬರೇ ಲೆಕ್ಕದಿಂದಲೇ ನಡತೆಯನ್ನು ತಿದ್ದಿದ ಜಾಣ್ಮೆ ಇದು.

ಮೇಜು, ದಾಳಗಳನ್ನು ಸರಿಸಿ ನೋಡಿದರೆ ಇದರ ಹತ್ತಿರದ ಬಂಧು ಕರಾವಳಿಯಲ್ಲೇ ಇದೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ನಡೆಯುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿ ಸನ್ನಿವೇಶ ಒದಗಿಸುತ್ತಾರೆ. ಕುಳಿತಲ್ಲೇ ಅರ್ಥಧಾರಿಗಳು ಪಾತ್ರವಾಗಿ ಆಶುಮಾತು ಕಟ್ಟುತ್ತಾರೆ. ಎದುರಾಳಿ ಯಾವ ಪ್ರಶ್ನೆ ಎಸೆಯುತ್ತಾನೋ ಮೊದಲೇ ಗೊತ್ತಿರುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಬಿದ್ದಲ್ಲಿಂದಲೇ ಪ್ರಶ್ನಿಸುತ್ತಾನೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918-2006) ಇಂಥ ಪಾತ್ರಗಳನ್ನು ಬರೇ ಮಾತಿನಿಂದ ಎತ್ತಿ ನಿಲ್ಲಿಸಿದವರು.

ಒಂದು ವ್ಯತ್ಯಾಸವಿದೆ. ಅಮೆರಿಕದ ಆಟದಲ್ಲಿ ಅಂತ್ಯ ತೆರೆದಿದೆ. ತಾಳಮದ್ದಳೆಯಲ್ಲಿ ಪ್ರಸಂಗದ ಅಂತ್ಯ ಗೊತ್ತಿದ್ದೇ ಜನ ಬರುತ್ತಾರೆ. ವಾಲಿ ಸಾಯಲೇಬೇಕು. ಸಾಯುವ ಮೊದಲು ಅವನು ಏನು ಹೇಳುತ್ತಾನೆ ಎಂಬುದಷ್ಟೇ ತೆರೆದಿರುತ್ತದೆ, ಅದಕ್ಕಾಗಿ ಜನ ನಿದ್ದೆಗೆಡುತ್ತಾರೆ.

ಈ ವ್ಯತ್ಯಾಸ ಸಣ್ಣದಲ್ಲ. ಇಲ್ಲಿನ ಯುವಕರು ಇಲ್ಲಿನ ವೀರರ ಆಟ ಕಟ್ಟಹೊರಟರೆ ಮೊದಲು ನೆನಪಾಗುವವರು ಕೋಟಿ ಚೆನ್ನಯರು. ಪಾಡ್ದನದ ಈ ಅವಳಿ ವೀರರು ಸೂಪರ್‌ಮ್ಯಾನನಂತೆ ಯಾವುದೋ ಕಂಪೆನಿಯ ಸೊತ್ತಲ್ಲ. ಗರಡಿಗಳಲ್ಲಿ ಅವರಿಗೆ ಇಂದೂ ನೇಮವಿದೆ. ದಾಳ ಕೆಟ್ಟಿತೆಂದು ಕೋಟಿ ಹೇಡಿಯಂತೆ ಓಡಿಹೋದರೆ ಆಟಗಾರನಿಗೆ ಅದು ತಮಾಷೆ, ಕೈಮುಗಿಯುವವರಿಗೆ ನೋವು. 2022ರಲ್ಲಿ ‘ಕಾಂತಾರ’ ಚಿತ್ರ ಬಂದ ಬಳಿಕ ದೈವದ ವೇಷವನ್ನು ಕಂಡಕಂಡಲ್ಲಿ ಅನುಕರಿಸಿದ್ದಕ್ಕೆ ತುಳುನಾಡಿನಲ್ಲಿ ಎದ್ದ ಆಕ್ಷೇಪವನ್ನು ಮರೆಯುವಂತಿಲ್ಲ.

ಹಾಗೆಂದು ಕೈಬಿಡಬೇಕಾಗಿಲ್ಲ. ಅವಳಿಗಳಿಗೆ ಅಂಕ ಹಚ್ಚದೆ, ಅವರು ನಡೆದ ಊರುಗಳ ಜನರನ್ನೇ ಆಟಗಾರರ ಪಾತ್ರವಾಗಿಸಬಹುದು: ಆಶ್ರಯ ಕೊಟ್ಟವನು, ಬಾಗಿಲು ಮುಚ್ಚಿದವನು, ಎರಡಕ್ಕೂ ಹೆದರಿದವನು. ವೀರರ ಅಂತ್ಯ ಪಾಡ್ದನದಲ್ಲಿದ್ದಂತೆಯೇ ಇರಲಿ, ದಾಳ ಅದನ್ನು ಮುಟ್ಟುವುದು ಬೇಡ. ಅಚ್ಚಿಗೆ ಕಳಿಸುವ ಮುನ್ನ ಗರಡಿಯ ಹಿರಿಯರ ಮುಂದೆ ಒಮ್ಮೆ ಆಡಿ ತೋರಿಸಬೇಕು. ಅವರು ಬೇಡವೆಂದ ನಿಯಮವನ್ನು ಆ ಹಂತದಲ್ಲಾದರೆ ಪೆನ್ಸಿಲಿನಿಂದ ಹೊಡೆದುಹಾಕಬಹುದು.