ಮಣ್ಣಿಲ್ಲದ ಸೊಪ್ಪು, ಮಳೆಗಾಲದ ಸಂತೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸ್ವಂತ ಉದ್ಯೋಗದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ಹಿಂಜರಿದೆ. ಇಂತಹ ವೇದಿಕೆಗೆ ಗೆದ್ದವರನ್ನು ಕರೆಯುವುದು ರೂಢಿ. ನಾನು ಮೊದಲು ಚೆನ್ನಾಗಿ ಸೋತವನು. ಗಲ್ಫ್‌ನಲ್ಲಿ 11 ವರ್ಷ ದುಡಿದು ಮಂಗಳೂರಿಗೆ ಮರಳಿದ ಮೇಲೆ ಉಳಿತಾಯದ ದೊಡ್ಡ ಪಾಲನ್ನು ಮನೆಯ ತಾರಸಿಯಲ್ಲಿ ಹೈಡ್ರೋಪೋನಿಕ್ಸ್ ತೋಟಕ್ಕೆ ಸುರಿದೆ.

ಹೈಡ್ರೋಪೋನಿಕ್ಸ್ ಎಂದರೆ ಮಣ್ಣಿಲ್ಲದೆ, ಪೋಷಕಾಂಶ ಕರಗಿಸಿದ ನೀರಿನಲ್ಲಿ ಬೆಳೆ ತೆಗೆಯುವುದು. ಈ ಹೆಸರನ್ನು 1937ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ. ನಮ್ಮ ದೇಶಕ್ಕೂ ಇದು ಹೊಸತಲ್ಲ. 1940ರ ದಶಕದಲ್ಲೇ ಬಂಗಾಳದ ಕಾಲಿಂಪಾಂಗ್‌ನಲ್ಲಿ ಶೋಲ್ಟೊ ಡಗ್ಲಾಸ್ ಜಲ್ಲಿಕಲ್ಲು ತುಂಬಿದ ತೊಟ್ಟಿಗಳಲ್ಲಿ, ದುಬಾರಿ ಯಂತ್ರಗಳಿಲ್ಲದೆ, ಇದನ್ನು ಪ್ರಯೋಗಿಸಿದ್ದರು. ಅದನ್ನು ಓದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು!

ನಾನು ಕೊಂಡದ್ದು ಪೈಪುಗಳ ವ್ಯವಸ್ಥೆ. ಪಂಪು ಓಡುತ್ತಿರುವಷ್ಟು ಹೊತ್ತು ಪೈಪಿನೊಳಗೆ ನೀರಿನ ತೆಳು ಪದರ ಹರಿಯುತ್ತದೆ, ಬೇರು ಅದನ್ನು ಹೀರುತ್ತದೆ. ಲೆಟಿಸ್ ಬೆಳೆಸಿ, ಹೋಟೆಲಿನವರು ಮನೆಗೇ ಬಂದು ಒಯ್ಯುತ್ತಾರೆ ಎಂದರು ಮಾರಿದವರು. ನಾನು ಗಲ್ಫ್‌ನ ಹಸಿರುಮನೆಗಳಲ್ಲಿ ಲೆಟಿಸ್ ನೋಡಿದ್ದೆ. ಅಲ್ಲಿ ತಂಪು ಮಾಡುವ ಯಂತ್ರಗಳಿದ್ದವು ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಲೆಟಿಸ್ ತಂಪು ಹವೆಯ ಬೆಳೆ. ನಮ್ಮ ಕರಾವಳಿಯ ಸೆಕೆಗೆ ಅದು ಬೇಗ ಹೂಕಾಂಡ ಬಿಟ್ಟು ಕಹಿಯಾಗುತ್ತದೆ. ತೊಟ್ಟಿಯ ನೀರು ಬಿಸಿಯಾದರೆ ಬೇರು ಕೊಳೆಯುತ್ತದೆ. ಎರಡನ್ನೂ ಕಂಡೆ. ಕೊನೆಗೆ ಏಪ್ರಿಲ್‌ನ ಒಂದು ಮಧ್ಯಾಹ್ನ ನೆಂಟರ ಮದುವೆಗೆ ಹೋಗಿದ್ದಾಗ ಕರೆಂಟು ಹೋಯಿತು. ಸಂಜೆ ಬಂದು ನೋಡಿದರೆ 400 ಗಿಡಗಳು ಪೈಪಿನ ಮೇಲೆ ಮಲಗಿದ್ದವು. ನನ್ನ ಹೆಂಡತಿ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮತ್ತೆ ಶುರು ಮಾಡುವ ಮೊದಲು ನಾನು ಮಾಡಿದ ಕೆಲಸವೆಂದರೆ ಮೂರು ತಿಂಗಳು ಪ್ರತಿ ವಾರ ಸಂತೆಗೆ ಹೋಗಿ ಸುಮ್ಮನೆ ನಿಂತದ್ದು. ಜನ ಕೇಳುತ್ತಿದ್ದದ್ದು ಲೆಟಿಸ್ ಅಲ್ಲ. ಹರಿವೆ, ಬಸಳೆ, ಪುದೀನಾ. ಬೇಸಿಗೆಯಲ್ಲಿ ಹಳ್ಳಿಯ ಹೆಂಗಸರು ತರುವ ಹರಿವೆಯ ಬೆಲೆಗೆ ನಾವು ಸರಿಗಟ್ಟಲಾಗದು, ಸರಿಗಟ್ಟಲು ಹೋಗಲೂಬಾರದು. ಆದರೆ ಜೂನ್ ಕಳೆದ ಮೇಲೆ ಸುರಿಯುವ ಮಳೆಗೆ ಬಯಲಿನ ಸೊಪ್ಪು ಮಣ್ಣು ಸಿಡಿದು ಕೊಳೆಯುತ್ತದೆ. ಆಗ ಸಂತೆಯಲ್ಲಿ ಸೊಪ್ಪಿನ ಬುಟ್ಟಿಗಳು ಕಡಿಮೆ, ಕೇಳುವವರು ಅಷ್ಟೇ. ಮೇಲೊಂದು ಪಾಲಿಥೀನ್ ಹಾಳೆಯಿದ್ದರೆ ನೀರಿನ ತೊಟ್ಟಿಗೆ ಮಳೆಯ ಹಂಗಿಲ್ಲ. ನನ್ನ ವ್ಯಾಪಾರ ನಿಂತಿರುವುದು ಈ ಒಂದೇ ವಿಷಯದ ಮೇಲೆ.

ಪೈಪು ತೆಗೆದು ಹಾಕಿದೆ. ಹಲಗೆಯ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಸಿ ಅರ್ಧ ಅಡಿಗಿಂತ ಹೆಚ್ಚು ನೀರು ನಿಲ್ಲಿಸಿ, ತೂತು ಕೊರೆದ ಥರ್ಮೋಕೋಲ್ ತೇಲಿಬಿಟ್ಟೆ. ಗಾಳಿ ಊದಲು ಮೀನಿನ ತೊಟ್ಟಿಯ ಸಣ್ಣ ಪಂಪು. ಈಗ ಕರೆಂಟು ಹೋದರೂ ಬೇರು ನೀರಿನಲ್ಲೇ ಇರುತ್ತದೆ. ಪೋಷಕಾಂಶದ ದಟ್ಟ ದ್ರಾವಣವನ್ನು ಎರಡು ಕ್ಯಾನುಗಳಲ್ಲಿ ಬೇರೆಬೇರೆ ಇಡಬೇಕು. ಕ್ಯಾಲ್ಸಿಯಂ ನೈಟ್ರೇಟ್ ಒಂದರಲ್ಲಿ, ಸಲ್ಫೇಟು ಫಾಸ್ಫೇಟುಗಳು ಇನ್ನೊಂದರಲ್ಲಿ. ಒಟ್ಟಿಗೆ ಸುರಿದರೆ ಸುಣ್ಣದಂತೆ ತಳಕ್ಕೆ ಕೂರುತ್ತದೆ, ಗಿಡಕ್ಕೆ ದಕ್ಕುವುದಿಲ್ಲ. ತೊಟ್ಟಿಯ ನೀರಿನ ಪಿಎಚ್ 5.5ರಿಂದ 6.5ರೊಳಗೆ ಇರಲಿ. ಅಳೆಯುವ ಮೀಟರಿಗೆ ದುಡ್ಡು ಕೊಡಲು ಜಿಪುಣತನ ಬೇಡ.

ಗಾತ್ರದ ಲೆಕ್ಕ ಮಾರಾಟದಿಂದ ಹಿಂದಕ್ಕೆ ಮಾಡಿ. ಒಂದು ಬೆಳಗ್ಗೆ ನೀವು 40 ಕಟ್ಟು ಮಾರಬಲ್ಲಿರಿ, ಬೆಳೆಗೆ 5 ವಾರ ಬೇಕು ಎಂದಾದರೆ 200 ಕಟ್ಟಿನ ಜಾಗ ಸಾಕು. ವಾರಕ್ಕೆ ಐದನೇ ಒಂದು ಪಾಲು ಬಿತ್ತಿ. ಮಳೆಗಾಲದ ಮೋಡದಲ್ಲಿ ಇನ್ನೊಂದು ವಾರ ಹೆಚ್ಚು ಹಿಡಿಯುತ್ತದೆ, ಅದನ್ನೂ ಸೇರಿಸಿಕೊಳ್ಳಿ. ಸೊಪ್ಪನ್ನು ಬೇರು ಸಮೇತ ಒದ್ದೆ ಬಟ್ಟೆ ಸುತ್ತಿ ಒಯ್ದರೆ ಮಧ್ಯಾಹ್ನದವರೆಗೂ ತಲೆ ಎತ್ತಿಕೊಂಡಿರುತ್ತದೆ.

ಸಂತೆಯಲ್ಲಿ ಮೊದಲ ಪ್ರಶ್ನೆ: "ಸಾವಯವವಾ?" ಅಲ್ಲ. ರಸಗೊಬ್ಬರದ ನೀರಿನಲ್ಲಿ ಬೆಳೆದದ್ದು, ಕೀಟನಾಶಕ ಹೊಡೆದಿಲ್ಲ ಎಂದು ಹೇಳುತ್ತೇನೆ. ಮೊದಲ ವಾರ ಹಾಗೆ ಹೇಳಲು ನಾಲಿಗೆ ತಡವರಿಸಿತು, ಏಕೆಂದರೆ ಹೌದು ಎಂದಿದ್ದರೆ ಎರಡು ಪಟ್ಟು ಬೆಲೆ ಸಿಗುತ್ತಿತ್ತು. ಕೆಲವರು ಮುಂದಕ್ಕೆ ಹೋಗುತ್ತಾರೆ. ಒಬ್ಬ ಟೀಚರಮ್ಮ ಅಂದು ಹಾಗೆ ಹೋದವರು ತಿರುಗಿ ಬಂದು ಎರಡು ಕಟ್ಟು ಒಯ್ದರು. ಈಗ ಪ್ರತಿ ಭಾನುವಾರ ಬರುತ್ತಾರೆ. ಕಳೆದುಕೊಂಡ ದುಡ್ಡು ಪೂರ್ತಿ ವಾಪಸು ಬಂದಿಲ್ಲ. ಮನೆಯ ಕಿರಾಣಿ ಖರ್ಚು ನಡೆಯುತ್ತದೆ.

ವಿದ್ಯಾರ್ಥಿಗಳೇ, ನೀವು ಇದನ್ನು ಒಂದು ಬಣ್ಣದ ಬಕೆಟಿನಲ್ಲೇ ಕಲಿಯಬಹುದು. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ರೂಪಿಸಿದ ಕ್ರಮದಲ್ಲಿ ಪಂಪೇ ಬೇಡ. ಮುಚ್ಚಳದ ತೂತಿನಲ್ಲಿ ಜಾಲರಿ ಕಪ್ಪು, ಅದರ ತಳ ಮುಟ್ಟುವಷ್ಟು ನೀರು. ನೀರು ಇಳಿದಂತೆ ಮೇಲಿನ ಬೇರುಗಳು ಗಾಳಿ ಕುಡಿಯುತ್ತವೆ. ಪಾಪ ಅಂತ ಮತ್ತೆ ತುಂಬಾ ತುಂಬಿಸಬೇಡಿ. ಮುಚ್ಚಳ ಮಾತ್ರ ಬಿಗಿಯಾಗಿರಲಿ, ನಮ್ಮೂರಿನ ಸೊಳ್ಳೆಗಳು ನಿಮಗೆ ಗೊತ್ತೇ ಇವೆ. ನನ್ನ ಬಳಿ ತೊಳೆದಿಟ್ಟ ಬಕೆಟುಗಳು ಆರು ಇವೆ. ಸಭೆ ಮುಗಿದ ಮೇಲೆ ಹಿಂದಿನ ಬಾಗಿಲ ಬಳಿ ನಿಂತಿರುತ್ತೇನೆ, ಬೇಕಾದವರು ಬಂದು ಕೇಳಿ.